ಆಟಕ್ಕುಂಟು

ಐವರು ಆಡುತ್ತೇವೆ, ನಾಲ್ವರ ಅಂಕ ಕೂಡುತ್ತಾರೆ.
ಎಲ್ಲರಿಗಿಂತ ಹೆಚ್ಚು ಹೊಡೆದವಳದ್ದನ್ನು ಬಿಟ್ಟುಬಿಡುತ್ತಾರೆ,
ಅದು ಕಾಲೇಜು ಗಾಲ್ಫಿನ ನಿಯಮ.
ನಾಲ್ಕು ವರ್ಷ ಆ ಬಿಟ್ಟ ಅಂಕ
ಬಹುಪಾಲು ನನ್ನದೇ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಕೋಚ್ ವರ್ನಾ ಟಾಲೆಫ್ಸನ್ ಮಾತ್ರ
ಅದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು,
ಒಂದೊಂದು ಹೊಡೆತಕ್ಕೆ ಒಂದೊಂದು ಗೀಟು.

ಸೌತ್ ಡಕೋಟದ ಆ ಊರಿನಲ್ಲಿ
ಏಪ್ರಿಲ್‌ವರೆಗೆ ಹುಲ್ಲು ಕಾಣುವುದಿಲ್ಲ.
ಕುಸ್ತಿಯ ಹುಡುಗರು ಎದ್ದುಹೋದ ಮೇಲೆ
ಜಿಮ್ಮಿನ ಮೂಲೆಗೆ ಮೀನುಬಲೆ ಕಟ್ಟಿ
ಬೆವರು ನಾರುವ ಚಾಪೆಯ ಮೇಲೆ ಚೆಂಡಿಟ್ಟು
ಹೊಡೆಯುತ್ತಿದ್ದೆವು.
ಚೆಂಡು ಎಲ್ಲಿಗೆ ಹೋಯಿತೆಂದು ಹೇಗೆ ತಿಳಿಯಬೇಕು?
ನಮಗೆ ಬೆನ್ನು ಹಾಕಿ ನಿಂತು "ಸದ್ದು ಕೇಳಿ" ಎನ್ನುತ್ತಿದ್ದಳು.
"ಇದು ಬಲಕ್ಕೆ ಹೋಯಿತು. ಕೆರೆಗೆ. ಇನ್ನೊಂದು."
ಇಲ್ಲದ ಕೆರೆಯಲ್ಲಿ ಆ ಚಳಿಗಾಲವೆಲ್ಲ
ಎಷ್ಟು ಚೆಂಡು ಮುಳುಗಿಸಿದೆನೋ.

ಅವಳು ಬಂದದ್ದು ಟೈಪಿಂಗ್ ಕಲಿಸಲು.
ಎಪ್ಪತ್ತೇಳರಲ್ಲಿ ಕ್ರೀಡಾ ನಿರ್ದೇಶಕ ಕರೆದು
"ಹೆಣ್ಣುಮಕ್ಕಳಿಗೂ ತಂಡ ಇರಬೇಕಂತೆ, ಕಾನೂನು.
ನಿಮ್ಮಪ್ಪ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸುತ್ತಿದ್ದನಲ್ಲವೆ?" ಅಂದನಂತೆ.
ಅಷ್ಟೇ ಅರ್ಹತೆ.
ವರ್ಷಕ್ಕೆ ನಾನೂರು ಡಾಲರು ಹೆಚ್ಚು,
ಗಂಡಸರ ತಂಡ ಬಿಸುಟ ಏಳು ಚೀಲ,
ಒಂದರೊಳಗೆ ಒಣಗಿದ ಇಲಿ.
ಹೇಳಿದಷ್ಟು ಸಲವೂ ಇಲಿ ದೊಡ್ಡದಾಗುತ್ತಿತ್ತು.

ಆಮೇಲೆ ವ್ಯಾನು. ಒಂದೇ ಬದಿ ಬೆಚ್ಚಗಾಗುವ ವ್ಯಾನು.
ಅಯೋವಾ, ನೆಬ್ರಾಸ್ಕ, ಕಾನ್ಸಸ್‌ವರೆಗೆ ಅವಳೇ ಓಡಿಸಿದಳು,
ಎರಡೂ ಕಡೆ ಕಟಾವಾದ ಜೋಳದ ಕೂಳೆ,
ಮಡಿಲಲ್ಲಿ ಸಿಪ್ಪೆ ಸುಲಿದ ಮೊಟ್ಟೆಗಳ ಡಬ್ಬಿ,
ಹಿಂದೆ ನಾವು, ಒಬ್ಬರ ಹೆಗಲಿಗೊಬ್ಬರು.
ಮೋಟೆಲಿನಲ್ಲಿ ಎರಡು ಕೋಣೆ, ಆರು ಜನ.
ಒಮ್ಮೆ ನಡುರಾತ್ರಿ ಮರ್ಲಿಸ್ ದೀಪ ಹಾಕಿದಾಗ
ಬಚ್ಚಲ ತೊಟ್ಟಿಯಲ್ಲಿ ಮಲಗಿದ್ದಳು ವರ್ನಾ,
ಸ್ವೆಟರು ಹೊದ್ದು, ಕನ್ನಡಕ ಸೋಪಿನ ತಟ್ಟೆಯಲ್ಲಿ.
ಮಾರನೆಯ ದಿನ ಯಾರೂ ಕೇಳಲಿಲ್ಲ.

ಎಂಬತ್ತೇಳರ ಮೇ, ಕೊನೆಯ ದಿನ, ಗಾಳಿ.
ಮರ್ಲಿಸ್ ಎಪ್ಪತ್ತಾರು ಹೊಡೆದಳು, ಟ್ರೋಫಿ ನಮ್ಮದೇ.
ಫೋಟೋಗೆಂದು ನಾವು ಕೂದಲು ಸರಿಮಾಡಿಕೊಳ್ಳುತ್ತಿದ್ದಾಗ
ವರ್ನಾ ಪುಸ್ತಕ ತೆರೆದು ಗೀಟುಗಳ ಮೇಲೆ ಬೆರಳಿಟ್ಟು ಎಣಿಸಿದಳು.
ಮತ್ತೆ ಎಣಿಸಿದಳು.
ಹದಿನಾಲ್ಕನೆಯ ಕುಳಿಗೆ ಆರು.
ಮರ್ಲಿಸ್ ಸಹಿ ಹಾಕಿದ್ದು ಐದಕ್ಕೆ.
ಜೊತೆಗೆ ಆಡಿದವಳು ಮರೆತಿದ್ದಳು,
ಮರ್ಲಿಸ್ ಕೂಡ ಮರೆತಿದ್ದಳು, ಅಥವಾ ಇಲ್ಲ.
ಅವಳನ್ನೊಮ್ಮೆ ಕರೆದು ಏನೋ ಕೇಳಿ
ವರ್ನಾ ಟೆಂಟಿನತ್ತ ನಡೆದಳು,
ಟೋಪಿ ಹಾರದಂತೆ ಒಂದು ಕೈ ತಲೆಯ ಮೇಲೆ.

ಮರ್ಲಿಸಳ ಅಂಕ ತೆಗೆದುಹಾಕಿದರು.
ಆಗ ಲೆಕ್ಕಕ್ಕೆ ಬಂತು ನನ್ನ ತೊಂಬತ್ತೇಳು.
ಹಲಗೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದರು;
ನನ್ನ ಅಂಕಿಯನ್ನು ಅಷ್ಟು ದೊಡ್ಡದಾಗಿ
ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.
ಮೊದಲ ಸ್ಥಾನದಿಂದ ನಾಲ್ಕಕ್ಕೆ ಇಳಿದೆವು.
ಆರು ಗಂಟೆಯ ದಾರಿ, ಯಾರ ಬಾಯಲ್ಲೂ ಮಾತಿಲ್ಲ.
ಯಾಂಕ್ಟನ್ ದಾಟಿದ ಮೇಲೆ ಕನ್ನಡಿಯಲ್ಲಿ ನಮ್ಮನ್ನು ನೋಡಿ
"ಮೊಟ್ಟೆ ಬೇಕಾ?" ಅಂದಳು.

ಮೂವತ್ತೊಂದು ವರ್ಷ. ಟ್ರೋಫಿ ಬರಲೇ ಇಲ್ಲ.
ಬೀಳ್ಕೊಡುಗೆಯ ಕೇಕಿನಲ್ಲಿ ಅವಳ ಹೆಸರಿಗೆ ಒಂದಕ್ಷರ ತಪ್ಪಿತ್ತು,
ಆ ಅಕ್ಷರವನ್ನೇ ಮೊದಲು ಕತ್ತರಿಸಿ ತಿಂದಳು.
ಮರ್ಲಿಸ್ ಬಂದಿರಲಿಲ್ಲ.
ಬಾಗಿಲು ತೆರೆದಾಗಲೆಲ್ಲ ಅವಳು ತಿರುಗಿ ನೋಡಿದ್ದನ್ನು
ನಾನು ಎಣಿಸಿದೆ. ಹನ್ನೊಂದು.

ಹೋದ ಜನವರಿ ನೋಡಲು ಹೋಗಿದ್ದೆ.
ಕಣ್ಣು ಮಂಜಾಗಿದೆ, ಈಗ ಏನೂ ಬರೆಯುವುದಿಲ್ಲ.
ಗ್ಯಾರೇಜಿನಲ್ಲಿ ಅದೇ ಮೀನುಬಲೆ,
ಅಲ್ಲಲ್ಲಿ ಬೂಟಿನ ಲಾಡಿಯಿಂದ ಬಿಗಿದದ್ದು.
ನನ್ನ ಕೈಗೆ ಏಳನೇ ನಂಬರಿನ ಕೋಲು ಕೊಟ್ಟು
ಗೋಡೆಯತ್ತ ತಿರುಗಿ ನಿಂತಳು.
ಅರವತ್ತರ ಹೊಸ್ತಿಲಿನ ಮೊಣಕಾಲು ಬಗ್ಗಿಸಿ
ಹೊಡೆದೆ.

"ಕೆರೆಗೆ," ಅಂದಳು.
"ಇನ್ನೊಂದು."